ಪ್ರಾಣಿಹಿಂಸೆ: ದಂಡನೆಯ ಕಾನೂನು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



1. ಹಿನ್ನೆಲೆ
2021ರ ಜುಲೈ ಅಂತ್ಯದಲ್ಲಿ ನಮ್ಮ ಜಿಲ್ಲೆಯ ಚೌಡನಹಳ್ಳಿ ಬಳಿ ರಸ್ತೆಬದಿಯ ಗೋಣಿಚೀಲಗಳಲ್ಲಿ ಮೂವತ್ತಕ್ಕೂ ಹೆಚ್ಚು ಕೋತಿಗಳು ಸತ್ತ ಸ್ಥಿತಿಯಲ್ಲಿ ಪತ್ತೆಯಾದವು. ರಾಜ್ಯ ಉಚ್ಚ ನ್ಯಾಯಾಲಯವು ಸ್ವಯಂಪ್ರೇರಿತವಾಗಿ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಂಡಿತು. ಬೆಳೆಹಾನಿಗೆ ಬೇಸತ್ತು ಹಣ ಕೊಟ್ಟು ಕೋತಿಗಳನ್ನು ಹಿಡಿಸಲಾಗಿತ್ತೆಂದು ಆಗ ವರದಿಯಾಯಿತು. ತೆಂಗು, ಜೋಳ, ತರಕಾರಿ ಕಳೆದುಕೊಳ್ಳುವ ರೈತರ ಸಂಕಷ್ಟ ನಿಜವಾದುದು. ಆದರೆ ಪರಿಹಾರದ ದಾರಿ ಕಾನೂನುಬದ್ಧವಾಗಿರಬೇಕು.

2. ಕಾನೂನು ಏನು ಹೇಳುತ್ತದೆ?
ಅ) ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960: ಕಲಂ 11ರಡಿ ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿ ದಂಡ ಮಾತ್ರ. ಇದನ್ನು ಬಿಗಿಗೊಳಿಸುವ ಕರಡು ತಿದ್ದುಪಡಿಯನ್ನು ಕೇಂದ್ರ ಸರ್ಕಾರವು 2022ರಲ್ಲಿ ಪ್ರಕಟಿಸಿತು.
ಆ) ಭಾರತೀಯ ನ್ಯಾಯ ಸಂಹಿತೆ, ಕಲಂ 325: 2024ರ ಜುಲೈ 1ರಿಂದ ಜಾರಿಯಲ್ಲಿದೆ. ಹಾನಿಯೆಸಗುವ ಕೃತ್ಯವಾಗಿ ಪ್ರಾಣಿಯನ್ನು ಕೊಂದರೆ, ವಿಷವಿಕ್ಕಿದರೆ ಅಥವಾ ಅಂಗಹೀನಗೊಳಿಸಿದರೆ 5 ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡೂ. ಹಳೆಯ ದಂಡ ಸಂಹಿತೆಯಲ್ಲಿ ಪ್ರಾಣಿಯ ಬೆಲೆಯನ್ನೂ ನೋಡಲಾಗುತ್ತಿತ್ತು. ಈಗ ಆ ಷರತ್ತಿಲ್ಲ.
ಇ) ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972: 2022ರ ತಿದ್ದುಪಡಿಯ ನಂತರ ನಮ್ಮ ಊರುಗಳ ಸಾಮಾನ್ಯ ಕೋತಿ ಅನುಸೂಚಿ 1ರಲ್ಲಿದೆ. ಬಲೆಯೊಡ್ಡಿ ಹಿಡಿಯುವುದೂ ಕಾನೂನಿನ ದೃಷ್ಟಿಯಲ್ಲಿ ಬೇಟೆಯೇ. ಶಿಕ್ಷೆ 3ರಿಂದ 7 ವರ್ಷ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡ.

3. ಸದಸ್ಯರು ವಿಶೇಷವಾಗಿ ಗಮನಿಸಬೇಕಾದುದು
ವನ್ಯಜೀವಿ ಅಧಿನಿಯಮದ ಕಲಂ 52ರ ಪ್ರಕಾರ ಅಪರಾಧಕ್ಕೆ ಕುಮ್ಮಕ್ಕು ನೀಡಿದವರೂ ಅಪರಾಧಿಗಳೇ. ಆದ್ದರಿಂದ ಅನುಮತಿಯಿಲ್ಲದೆ ಕೋತಿ ಹಿಡಿಸಲು ಹಣ ಮಂಜೂರು ಮಾಡುವ ನಿರ್ಣಯ, ಊರಿನವರು ಸಂಗ್ರಹಿಸುವ ವಂತಿಗೆಗೆ ನೀಡುವ ಸಮ್ಮತಿ, ಇವೆರಡೂ ಸದಸ್ಯರನ್ನೇ ಆರೋಪಿಗಳನ್ನಾಗಿಸಬಹುದು. ಹಿಡಿದವರು ಹೊರಗಿನವರೆಂಬ ಕಾರಣದಿಂದ ಹಿಡಿಸಿದವರ ಹೊಣೆ ತಪ್ಪದು.

4. ಅನುಸರಿಸಬೇಕಾದ ಕ್ರಮ
• ಹಾವಳಿಯ ವಿವರವನ್ನು ಸಭಾ ನಡವಳಿಯಲ್ಲಿ ದಾಖಲಿಸಿ, ವಲಯ ಅರಣ್ಯಾಧಿಕಾರಿಗೆ ಲಿಖಿತ ಮನವಿ ಸಲ್ಲಿಸುವುದು. ಹಿಡಿಯುವುದು ಅನಿವಾರ್ಯವಾದರೆ ಅದು ಅರಣ್ಯ ಇಲಾಖೆಯ ಅನುಮತಿಯಿಂದಲೇ ನಡೆಯತಕ್ಕದ್ದು.
• ಸಂತೆ, ದೇವಸ್ಥಾನ ಮತ್ತು ಶಾಲೆಗಳ ಬಳಿ ಆಹಾರ ತ್ಯಾಜ್ಯ ಬೀಳದಂತೆ ನೋಡಿಕೊಳ್ಳುವುದು. ಕೋತಿಗಳಿಗೆ ತಿನಿಸು ಹಾಕದಂತೆ ತಿಳಿವಳಿಕೆ ನೀಡುವುದು.
• ಬೀದಿನಾಯಿಗಳಿಗೆ ವಿಷವಿಕ್ಕಲು ಅವಕಾಶವಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಹಾಗೂ ರೇಬೀಸ್ ಲಸಿಕೆಗಾಗಿ ಪಶುಪಾಲನಾ ಇಲಾಖೆಯನ್ನು ಸಂಪರ್ಕಿಸುವುದು.
• ಹಿಂಸೆ ಕಂಡಲ್ಲಿ 112ಕ್ಕೆ ಕರೆ ಮಾಡಿ, ಠಾಣೆಗೆ ದೂರು ನೀಡುವುದು. ಕಳೇಬರ, ಚೀಲ, ವಿಷದ ಡಬ್ಬಿಗಳನ್ನು ಮುಟ್ಟದೆ ಸಾಕ್ಷ್ಯವಾಗಿ ಉಳಿಸುವುದು.

5. ಸಭೆಯಲ್ಲಿ ಚರ್ಚಿಸಲು
(1) ನಮ್ಮ ಪಂಚಾಯಿತಿಯಲ್ಲಿ ಬೆಳೆಹಾನಿಯ ದಾಖಲೆ ಇಡಲಾಗುತ್ತಿದೆಯೇ?
(2) ಕೋತಿ ಹಿಡಿಯುವವರನ್ನು ಕರೆಸಲು ಒತ್ತಾಯಿಸುವ ಗ್ರಾಮಸ್ಥರಿಗೆ ನಾವು ಏನೆಂದು ಉತ್ತರಿಸಬೇಕು?
(3) ತ್ಯಾಜ್ಯ ನಿರ್ವಹಣೆ ಮೊದಲು ಆಗಬೇಕಾದ ಸ್ಥಳಗಳು ಯಾವುವು?

ಈ ಪಾಠವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ, ಚರ್ಚೆಯ ಸಾರಾಂಶವನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಲು ಕೋರಿದೆ.