ದೀಪದ ಜಾಗದಲ್ಲಿ ಸಾಕೆಟ್: ಮೂರನೆಯ ತಂತಿ ಇದೆಯೇ?

ಚಾಕಿ ಹುಳುಗಳಿಗೆ 27ರಿಂದ 28 ಡಿಗ್ರಿ ಸೆಂಟಿಗ್ರೇಡ್ ಉಷ್ಣಾಂಶ ಬೇಕು. ಚಳಿಗಾಲದಲ್ಲಿ ಇದಕ್ಕೆಂದು ಹೀಟರ್ ಕೊಂಡು ತಂದ ಮೇಲೆ, ಸಾಕಣೆ ಕೋಣೆಯಲ್ಲಿ ಸಾಕೆಟ್ಟೇ ಇಲ್ಲವೆಂಬುದು ಎಷ್ಟೋ ಮನೆಗಳಲ್ಲಿ ಗಮನಕ್ಕೆ ಬರುತ್ತದೆ. ಆಗ ಕಣ್ಣಿಗೆ ಬೀಳುವುದು ಸೂರಿನ ದೀಪ. ಹೋಲ್ಡರನ್ನು ಬಿಚ್ಚಿ ಅದೇ ತಂತಿಗಳಿಗೆ ಮೂರು ಪಿನ್ನಿನ ಸಾಕೆಟ್ ಕೂಡಿಸಿದರೆ ಕೆಲಸ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ.

ದೀಪಕ್ಕೆ ಫೇಸ್ ಮತ್ತು ನ್ಯೂಟ್ರಲ್ ಎಂಬ ಎರಡೇ ತಂತಿ ಸಾಕು. ಹಳೆಯ ಮನೆಗಳ ದೀಪದ ಜಾಗದಲ್ಲಿ ಸಾಮಾನ್ಯವಾಗಿ ಇರುವುದೂ ಅಷ್ಟೇ. ಸಾಕೆಟ್ಟಿನ ಮೇಲಿನ ದಪ್ಪ ರಂಧ್ರಕ್ಕೆ ಮೂರನೆಯದಾದ ಹಸಿರು ಅರ್ತ್ ತಂತಿ ಬರಬೇಕು. ಹೀಟರಿನೊಳಗೆ ಫೇಸ್ ತಂತಿ ಸಡಿಲಾಗಿ ಲೋಹದ ಕವಚಕ್ಕೆ ತಗುಲಿದರೆ, ಅರ್ತ್ ಮೂಲಕ ವಿದ್ಯುತ್ ಹರಿದು ಫ್ಯೂಸ್ ಹೋಗುತ್ತದೆ. ಅರ್ತ್ ಇಲ್ಲದಿದ್ದರೆ ಅದು ಹರಿಯುವುದು ಮುಟ್ಟಿದವರ ಮೈಯ ಮೂಲಕ. ಚಾಕಿ ಕೋಣೆಯಲ್ಲಿ ತೇವಾಂಶ ಶೇಕಡಾ 85ರಿಂದ 90. ನೆಲ ಒದ್ದೆ, ಒದ್ದೆ ಗೋಣಿತಾಟು, ಬರಿಗಾಲು. ಇದಕ್ಕಿಂತ ಅಪಾಯದ ಜಾಗ ಮನೆಯಲ್ಲಿ ಬಚ್ಚಲೊಂದೇ ಇದ್ದೀತು.

ಅರ್ತ್ ಸಿಗದಾಗ ಆ ರಂಧ್ರವನ್ನು ನ್ಯೂಟ್ರಲ್ಲಿಗೇ ಸೇರಿಸುವ ರೂಢಿಯೂ ಕೆಲವೆಡೆ ಇದೆ. ಇದು ಅರ್ತ್ ಇಲ್ಲದಿರುವುದಕ್ಕಿಂತಲೂ ಕೆಟ್ಟದ್ದು. ನ್ಯೂಟ್ರಲ್ ತಂತಿ ಎಲ್ಲಾದರೂ ಕಡಿದರೆ, ಉಪಕರಣದಲ್ಲಿ ಯಾವ ದೋಷವೂ ಇಲ್ಲದೆಯೇ ಅದರ ಕವಚಕ್ಕೆ ವಿದ್ಯುತ್ ಬರುತ್ತದೆ.

ಇನ್ನು ಹೊರೆಯ ಮಾತು. 2000 ವ್ಯಾಟ್ ಹೀಟರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಸಾಕೆಟ್ ತಾಳುವುದು 1380 ವ್ಯಾಟ್ ಮಾತ್ರ. ದೀಪದ ಸಾಲಿನ ತೆಳು ತಂತಿ ಬಿಸಿಯಾಗಿ, ಮರದ ಸೂರಿನಲ್ಲಿ ಯಾರಿಗೂ ಕಾಣದಂತೆ ಹೊದಿಕೆ ಸುಡತೊಡಗುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಕಟ್ಟುವುದು ಬೆಂಕಿಗೆ ದಾರಿ ಮಾಡಿಕೊಟ್ಟಂತೆಯೇ ಸರಿ.

ಆದ್ದರಿಂದ ಹೀಟರಿಗೆ ಮುಖ್ಯ ಬೋರ್ಡಿನಿಂದಲೇ 4 ಚದರ ಮಿಲಿಮೀಟರ್ ತಾಮ್ರದ ತಂತಿಯನ್ನು ಅರ್ತ್ ತಂತಿಯೊಡನೆ ಪ್ರತ್ಯೇಕವಾಗಿ ಎಳೆಸಿ, 16 ಆಂಪಿಯರ್ ಸಾಕೆಟ್ಟನ್ನು ಗೋಡೆಯ ಮೇಲೆ ಎದೆಮಟ್ಟದಲ್ಲಿ ಹಾಕಿಸಬೇಕು. ಸೂರಿನಿಂದ ಇಳಿಬಿದ್ದ ತಂತಿ ತಟ್ಟೆ ಎತ್ತಿಡುವಾಗ ಕೈಗೆ ಸಿಕ್ಕುತ್ತದೆ. 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ.ಯನ್ನೂ ಕೂಡಿಸುವುದು ಒಳ್ಳೆಯದು. ಸ್ವಲ್ಪ ವಿದ್ಯುತ್ ಸೋರಿದರೂ ಅದು ಕ್ಷಣದಲ್ಲಿ ಸಾಲನ್ನು ಕಡಿಯುತ್ತದೆ. ಖರ್ಚು ಹೆಚ್ಚೆನ್ನುವವರು ಒಂದು ಬೆಳೆ ಗೂಡಿನ ಬೆಲೆಯೊಡನೆ ಹೋಲಿಸಿ ನೋಡಲಿ.

ದೀಪದ ಜಾಗವನ್ನೇ ಬಳಸಬೇಕಾದರೆ, ಅಲ್ಲಿಗೂ ಅರ್ತ್ ತಂತಿ ಎಳೆಸಿದ ಮೇಲೆ, ಸಣ್ಣ ಫ್ಯಾನಿನಂಥ ಕಡಿಮೆ ವ್ಯಾಟಿನ ಉಪಕರಣಕ್ಕೆ ಬಳಸಬಹುದು. ಆ ಸಾಕೆಟ್ ದೀಪದ ಸ್ವಿಚ್ಚಿಗೇ ಒಳಪಟ್ಟಿರುತ್ತದೆ. ಸ್ವಿಚ್ ಆರಿಸಿದರೆ ಫ್ಯಾನೂ ನಿಲ್ಲುತ್ತದೆ. ಕೆಲವು ಮನೆಗಳಲ್ಲಿ ಸ್ವಿಚ್ಚನ್ನು ತಪ್ಪಾಗಿ ನ್ಯೂಟ್ರಲ್ಲಿಗೆ ಹಾಕಿರುತ್ತಾರೆ. ಅಂಥಲ್ಲಿ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಮೇನ್ ಸ್ವಿಚ್ ತೆಗೆದು, ಟೆಸ್ಟರಿನಿಂದ ಪರೀಕ್ಷಿಸದೆ ಯಾರೂ ಏಣಿ ಹತ್ತಬಾರದು. ಬಲ್ಬ್ ಬದಲಿಸುವುದು ಮನೆಯವರ ಕೆಲಸ. ದೀಪದ ಸಾಲನ್ನು ಸಾಕೆಟ್ ಮಾಡುವುದು ಪರವಾನಗಿ ಪಡೆದ ವೈರ್‌ಮನ್ ಕೆಲಸ.