ಹೋ ಚಿ ಮಿನ್ ನಗರದಲ್ಲಿ ಸಿಬ್ಬಂದಿಯ ಜೀವನವೆಚ್ಚ: ಲೆಕ್ಕ ಹಾಕುವ ಬಗೆ

ವಿಯೆಟ್ನಾಂ ಕರ್ನಾಟಕದ ವರ್ತಕರಿಗೆ ಅಪರಿಚಿತ ದೇಶವಲ್ಲ. ರೊಬಸ್ಟಾ ಕಾಫಿ, ಕರಿಮೆಣಸು, ಗೋಡಂಬಿ ಈ ಮೂರರಲ್ಲಿಯೂ ಅದು ಇಲ್ಲಿನ ಬೆಳೆಗಾರರ ಹಾಗೂ ಸಂಸ್ಕರಣಕಾರರ ಪ್ರಬಲ ಪ್ರತಿಸ್ಪರ್ಧಿ. ಔಷಧ, ಹತ್ತಿನೂಲು, ಯಂತ್ರೋಪಕರಣಗಳ ವಿಷಯದಲ್ಲಿ ಗಿರಾಕಿಯೂ ಹೌದು. ಆ ದೇಶದ ವಾಣಿಜ್ಯ ಕೇಂದ್ರವಾದ ಹೋ ಚಿ ಮಿನ್ ನಗರದಲ್ಲಿ, ಅಂದರೆ ಹಳೆಯ ಸೈಗಾನಿನಲ್ಲಿ, ತಮ್ಮದೇ ಪ್ರತಿನಿಧಿಯೊಬ್ಬನನ್ನು ಇರಿಸಬೇಕೆಂಬ ಆಲೋಚನೆ ಸಣ್ಣ ಉದ್ದಿಮೆಗಳಲ್ಲಿಯೂ ಮೂಡುವುದು ಸಹಜ. ಆದರೆ ‘ಅದು ಅಗ್ಗದ ಊರು’ ಎಂಬ ಮಾತನ್ನು ನಂಬಿ ಭತ್ಯೆಯನ್ನು ಕೈಯಳತೆಯಲ್ಲಿ ನಿಗದಿಪಡಿಸಿದರೆ ನೌಕರನು ಅವಧಿಗೆ ಮೊದಲೇ ಹಿಂದಿರುಗುತ್ತಾನೆ. ಆಗ ನಷ್ಟವಾಗುವುದು ವಿಮಾನದ ಟಿಕೆಟಿನ ಹಣವಷ್ಟೇ ಅಲ್ಲ. ಆತ ಕಟ್ಟಿಕೊಂಡಿದ್ದ ಗಿರಾಕಿಗಳ ಸಂಪರ್ಕವೂ ಆತನೊಂದಿಗೆ ಹೋಗುತ್ತದೆ.

ಅಗ್ಗವೆಂಬುದು ಯಾರಿಗೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಇಂಟರ್‌ನೇಷನ್ಸ್ ಸಂಸ್ಥೆಯು ಹೊರದೇಶಗಳಲ್ಲಿ ನೆಲೆಸಿದವರ ನಡುವೆ ನಡೆಸಿದ 2024ರ ಸಮೀಕ್ಷೆಯಲ್ಲಿ ವೈಯಕ್ತಿಕ ಹಣಕಾಸಿನ ಸೂಚ್ಯಂಕದಲ್ಲಿ ವಿಯೆಟ್ನಾಂ ಮೊದಲ ಸ್ಥಾನ ಪಡೆಯಿತು. ಮರ್ಸರ್ ಸಂಸ್ಥೆಯ ಜೀವನವೆಚ್ಚ ಪಟ್ಟಿಗೆ ನ್ಯೂಯಾರ್ಕ್ ನಗರವೇ ಆಧಾರ. ಡಾಲರಿನಲ್ಲಿಯೋ ಯೂರೋದಲ್ಲಿಯೋ ಸಂಬಳ ಪಡೆಯುವವನ ಕಣ್ಣಿಗೆ ಕಂಡ ಅಗ್ಗ ಅದು. ಪೀಣ್ಯದ ಕಾರ್ಖಾನೆಯವರಿಗೆ ಆಧಾರವಾಗಬೇಕಾದುದು ಬೆಂಗಳೂರು. ಆ ಅಳತೆಯಲ್ಲಿ ನೋಡಿದರೆ ಸೈಗಾನು ಕೆಲವು ಬಾಬುಗಳಲ್ಲಿ ಸಮ, ಕೆಲವರಲ್ಲಿ ದುಬಾರಿ, ತೀರ ಕಡಿಮೆ ಬಾಬುಗಳಲ್ಲಿ ಮಾತ್ರ ಅಗ್ಗ.

ನಾಣ್ಯದ ಲೆಕ್ಕ ಸುಲಭ. ಒಂದು ರೂಪಾಯಿಗೆ ಸುಮಾರು 300 ಡಾಂಗ್ ಎಂದು ಹಿಡಿದರೆ ಅಂದಾಜಿಗೆ ಸಾಕು. ಡಾಂಗ್ ಮೊತ್ತದಲ್ಲಿ ಎರಡು ಸೊನ್ನೆ ತೆಗೆದು ಮೂರರಿಂದ ಭಾಗಿಸಿದರೆ ರೂಪಾಯಿ ದೊರೆಯುತ್ತದೆ. (20 ಸಾವಿರದ ನೋಟೂ 5 ಲಕ್ಷದ ನೋಟೂ ನೀಲಿ ಬಣ್ಣದವೇ ಆದುದರಿಂದ ಹೊಸಬರು ಮೊದಲ ವಾರದಲ್ಲಿ ಒಂದಕ್ಕೆ ಇನ್ನೊಂದನ್ನು ಕೊಟ್ಟುಬಿಡುವುದುಂಟು.)

ವಾಸಸ್ಥಳ

ಬಾಡಿಗೆಯೇ ಅತಿ ದೊಡ್ಡ ಬಾಬು. ಪಾಶ್ಚಾತ್ಯರು ಹೆಚ್ಚಾಗಿ ನೆಲೆಸಿರುವುದು ಹಿಂದಿನ 2ನೇ ಜಿಲ್ಲೆಯ ಥಾವೊ ದಿಯೆನ್‌ನಲ್ಲಿ. ಕೊರಿಯಾ, ಜಪಾನ್, ತೈವಾನಿನವರು ಹಿಂದಿನ 7ನೇ ಜಿಲ್ಲೆಯ ಫು ಮಿ ಹುಂಗ್ ಬಡಾವಣೆಯಲ್ಲಿ. ಇಂತಹ ಕಡೆ ಪೀಠೋಪಕರಣ ಸಹಿತವಾದ ಒಂದು ಮಲಗುವ ಕೋಣೆಯ ಮನೆಗೆ ತಿಂಗಳಿಗೆ ಸುಮಾರು 1.2 ಕೋಟಿಯಿಂದ 2 ಕೋಟಿ ಡಾಂಗ್, ಅಂದರೆ 40 ಸಾವಿರದಿಂದ 67 ಸಾವಿರ ರೂಪಾಯಿ ಹಿಡಿಯಬೇಕು. ಮುಂಗಡ ಸಾಮಾನ್ಯವಾಗಿ ಒಂದೆರಡು ತಿಂಗಳ ಬಾಡಿಗೆಯಷ್ಟೇ. ಬೆಂಗಳೂರಿನಲ್ಲಿ ರೂಢಿಯಾಗಿದ್ದ ಹತ್ತು ತಿಂಗಳ ಮುಂಗಡಕ್ಕೆ ಹೋಲಿಸಿದರೆ ಇದು ನಿಜವಾದ ಅನುಕೂಲ. ಜಾಹೀರಾತುಗಳಲ್ಲಿ ಬಾಡಿಗೆಯನ್ನು ಡಾಲರಿನಲ್ಲಿ ತೋರಿಸುವುದುಂಟಾದರೂ ಅಲ್ಲಿನ ವಿದೇಶಿ ವಿನಿಮಯ ಕಾನೂನಿನಂತೆ ಕರಾರಿನ ಮೊತ್ತ ಡಾಂಗ್‌ನಲ್ಲಿಯೇ ಇರತಕ್ಕದ್ದು. ಡಾಲರ್ ಏರಿದಾಗಲೆಲ್ಲ ಬಾಡಿಗೆ ಏರಿಸುವ ಷರತ್ತನ್ನು ಒಪ್ಪಿಕೊಳ್ಳದಿರುವುದು ಲೇಸು.

ವಿದ್ಯುತ್ತಿನ ದರ ಬಳಕೆ ಹೆಚ್ಚಿದಂತೆ ಹಂತಹಂತವಾಗಿ ಏರುತ್ತದೆ. ವರ್ಷವಿಡೀ ಸೆಕೆಯಿರುವ ಊರಿನಲ್ಲಿ ಹವಾನಿಯಂತ್ರಣ ಅನಿವಾರ್ಯ. ಕೆಲವು ಮಾಲೀಕರು ಸರ್ಕಾರಿ ದರಕ್ಕಿಂತ ಹೆಚ್ಚಿನ ಏಕದರ ವಿಧಿಸುತ್ತಾರೆ. ಯೂನಿಟ್ಟಿನ ದರವನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ ಭೂಪಟಕ್ಕೆ ಸಂಬಂಧಿಸಿದ್ದು. 2025ರ ಜುಲೈ 1ರಂದು ಬಿನ್ ದುವಾಂಗ್ ಮತ್ತು ಬಾ ರಿಯಾ–ವುಂಗ್ ತೌ ಪ್ರಾಂತಗಳು ಹೋ ಚಿ ಮಿನ್ ನಗರದಲ್ಲಿ ವಿಲೀನಗೊಂಡವು. ಜಿಲ್ಲಾ ಹಂತದ ಆಡಳಿತವೂ ರದ್ದಾಯಿತು. ಹೀಗಾಗಿ ಬಿನ್ ದುವಾಂಗ್‌ನ ಕಾರ್ಖಾನೆಗಳು ಈಗ ಕಾಗದದ ಮೇಲೆ ಅದೇ ನಗರದವು. ರಸ್ತೆಯ ದೂರ ಮಾತ್ರ ಕಿಂಚಿತ್ತೂ ಕಡಿಮೆಯಾಗಿಲ್ಲ. ನೌಕರನ ಕೆಲಸ ಅಲ್ಲಿದ್ದು ಮನೆ ಫು ಮಿ ಹುಂಗ್‌ನಲ್ಲಿದ್ದರೆ ಪ್ರಯಾಣದ ಖರ್ಚು, ವೇಳೆ ಎರಡೂ ಬೇರೆಯೇ ಆಗುತ್ತವೆ. 2024ರ ಡಿಸೆಂಬರಿನಲ್ಲಿ ಆರಂಭವಾದ ಮೊದಲ ಮೆಟ್ರೋ ಮಾರ್ಗ ಥಾವೊ ದಿಯೆನ್ ಕಡೆಯವರಿಗೆ ಉಪಯುಕ್ತ; ಉಳಿದವರಿಗೆ ಗ್ರ್ಯಾಬ್ ಬಾಡಿಗೆ ವಾಹನಗಳೇ ಗತಿ.

ಊಟ

ಬೀದಿಬದಿಯ ಒಂದು ಬಟ್ಟಲು ಫೋ 40ರಿಂದ 70 ಸಾವಿರ ಡಾಂಗ್‌ಗೆ ದೊರೆಯುತ್ತದೆ. ಅಗ್ಗದ ಊರೆಂಬ ಹೆಸರು ಬಂದಿರುವುದು ಬಹುಮಟ್ಟಿಗೆ ಇಂತಹ ಊಟದಿಂದ. ಆದರೆ ಅದು ಮಾಂಸದ ಸಾರು. ಸೊಪ್ಪು ತರಕಾರಿಯ ಪಲ್ಯಕ್ಕೂ ಮೀನಿನ ರಸ ಬೀಳುವುದರಿಂದ ಸಸ್ಯಾಹಾರಿ ನೌಕರನು ಆ ಲಾಭದಿಂದ ವಂಚಿತ. ಆತನಿಗೆ ತಿಳಿದಿರಬೇಕಾದ ಒಂದು ಶಬ್ದ ‘ಚಾಯ್’. ಕುಡಿಯುವ ಚಹಾ ಅಲ್ಲ, ಬೌದ್ಧ ಪದ್ಧತಿಯ ಸಸ್ಯಾಹಾರ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನಗಳಂದು ಅನೇಕ ಸ್ಥಳೀಯರೂ ಅದನ್ನೇ ಉಣ್ಣುವುದರಿಂದ ಇಂತಹ ಹೋಟೆಲುಗಳು ಸಾಕಷ್ಟಿವೆ, ದರವೂ ಮಿತವೇ. ಅಕ್ಕಿ, ತೆಂಗು, ಬಾಳೆ, ಹಲಸಿಗೆ ಅಲ್ಲಿ ಕೊರತೆಯಿಲ್ಲ. ತೊಗರಿಬೇಳೆ, ಸಾಂಬಾರ ಪುಡಿಗಳು ಆಮದಿನವಾದುದರಿಂದ ದುಬಾರಿ.

ಮಾಸಿಕ ಅಂದಾಜು

ಉದಾಹರಣೆಗೆ ಅವಿವಾಹಿತ ನೌಕರನೊಬ್ಬನ ಖರ್ಚನ್ನು ಹೀಗೆ ಹಿಡಿಯಬಹುದು: ಬಾಡಿಗೆ 150 ಲಕ್ಷ ಡಾಂಗ್, ಊಟ 80 ಲಕ್ಷ, ಓಡಾಟ 25 ಲಕ್ಷ, ವಿದ್ಯುತ್, ನೀರು, ಇಂಟರ್‌ನೆಟ್ 25 ಲಕ್ಷ, ಇತರೆ 40 ಲಕ್ಷ. ಒಟ್ಟು 320 ಲಕ್ಷ ಡಾಂಗ್, ಅಂದರೆ ಸುಮಾರು 1 ಲಕ್ಷ 7 ಸಾವಿರ ರೂಪಾಯಿ. ಮೊದಲ ತಿಂಗಳಲ್ಲಿ ಎರಡು ತಿಂಗಳ ಮುಂಗಡ ಸೇರಿ ಇದು 2 ಲಕ್ಷ ದಾಟುತ್ತದೆ. ಕೈಸಾಲ ಮಾಡಿ ಹೊರಡುವಂತೆ ನೌಕರನನ್ನು ಬಿಡದೆ ಈ ಮೊತ್ತವನ್ನು ಮುಂಚಿತವಾಗಿ ಕೊಡುವುದು ವಿವೇಕ.

ಸಂಸಾರಸ್ಥನ ಲೆಕ್ಕ ಬೇರೆಯೇ ಜಾತಿಯದು. ಉನ್ನತ ದರ್ಜೆಯ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಮೇಲಿನ ತರಗತಿಗಳ ವಾರ್ಷಿಕ ಶುಲ್ಕ 20 ಸಾವಿರ ಡಾಲರನ್ನೂ ಮೀರುತ್ತದೆ. ತಿಂಗಳಿಗೆ ಹಂಚಿದರೆ 430 ಲಕ್ಷ ಡಾಂಗ್! ಒಂದು ಮಗುವಿನ ಶುಲ್ಕವೇ ಮೇಲಿನ ನೌಕರನ ಸಮಸ್ತ ಖರ್ಚಿಗಿಂತ ಹೆಚ್ಚು. ಬಾಡಿಗೆಯಲ್ಲಿ ಚೌಕಾಶಿ ಮಾಡಿ ಈ ಅಂತರವನ್ನು ತುಂಬಲಾಗದು. ಶಾಲೆಗೆ ಹೋಗುವ ಮಕ್ಕಳಿಲ್ಲದವರನ್ನು ಆರಿಸುವುದು, ಇಲ್ಲವೇ ಶುಲ್ಕವನ್ನು ಸಂಸ್ಥೆಯೇ ಹೊರುವುದು, ಇವೆರಡೇ ದಾರಿ. ಖಾಸಗಿ ಆಸ್ಪತ್ರೆಗಳ ದರವೂ ಹೆಚ್ಚಿರುವುದರಿಂದ, ಅಗತ್ಯಬಿದ್ದರೆ ಬ್ಯಾಂಕಾಕ್ ಅಥವಾ ಸಿಂಗಪುರಕ್ಕೆ ಸಾಗಿಸುವ ವೆಚ್ಚವನ್ನೂ ಒಳಗೊಂಡ ವಿಮೆ ಇರಬೇಕು.

ತೆರಿಗೆ

ಇಲ್ಲಿಯೇ ಹೆಚ್ಚಿನವರು ಎಡವುವುದು. ಒಂದು ವರ್ಷದಲ್ಲಿ 183 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ವಿಯೆಟ್ನಾಂನಲ್ಲಿದ್ದವನು ಅಲ್ಲಿನ ತೆರಿಗೆ ನಿವಾಸಿ. ಸಂಬಳದ ಒಂದು ಭಾಗ ಭಾರತದ ಬ್ಯಾಂಕಿಗೆ ಜಮೆಯಾದರೂ ತೆರಿಗೆ ಒಟ್ಟು ಆದಾಯದ ಮೇಲೆ, ಶೇಕಡಾ 5ರಿಂದ 35ರವರೆಗಿನ ಏರುದರದಲ್ಲಿ. ನಿವಾಸಿಯಲ್ಲದವನು ಅಲ್ಲಿನ ಸಂಬಳದ ಮೇಲೆ ಶೇಕಡಾ 20ರ ಏಕದರದಲ್ಲಿ ತೆರಬೇಕು. ಆದುದರಿಂದ ನೌಕರನಿಗೆ ‘ಕೈಗೆ ಇಷ್ಟು’ ಎಂದು ಮಾತು ಕೊಡುವ ಮುನ್ನ ಸಂಸ್ಥೆಗೆ ತಗಲುವ ಒಟ್ಟು ಮೊತ್ತವನ್ನು ಹಿಂದಿನಿಂದ ಲೆಕ್ಕ ಹಾಕಬೇಕು.

ಭತ್ಯೆಯನ್ನು ಯಾವ ರೂಪದಲ್ಲಿ ಕೊಡಲಾಗುತ್ತದೆ ಎಂಬುದೂ ಮುಖ್ಯ. 2013ರ ಸುತ್ತೋಲೆ ಹಾಗೂ ಅದರ ತಿದ್ದುಪಡಿಗಳಂತೆ, ಕರಾರಿನಲ್ಲಿ ನಮೂದಾಗಿ ಸಂಸ್ಥೆಯೇ ಶಾಲೆಗೆ ಕಟ್ಟುವ ಮಕ್ಕಳ ಶುಲ್ಕ ಮತ್ತು ವರ್ಷಕ್ಕೊಮ್ಮೆ ಸ್ವದೇಶಕ್ಕೆ ಹೋಗಿಬರುವ ವಿಮಾನ ದರ ನೌಕರನ ಆದಾಯವೆನಿಸುವುದಿಲ್ಲ. ಸಂಸ್ಥೆಯೇ ತೆರುವ ಬಾಡಿಗೆಯೂ ಉಳಿದ ಆದಾಯದ ಶೇಕಡಾ 15ರ ಮಿತಿಯವರೆಗೆ ಮಾತ್ರ ಆದಾಯಕ್ಕೆ ಸೇರುತ್ತದೆ. ಅದೇ ಹಣವನ್ನು ನಗದು ಭತ್ಯೆಯಾಗಿ ಕೊಟ್ಟರೆ ಈ ರಿಯಾಯಿತಿ ಇಲ್ಲ. 2025ರ ಡಿಸೆಂಬರಿನಲ್ಲಿ ಆದಾಯ ತೆರಿಗೆ ಕಾನೂನು ಪರಿಷ್ಕೃತವಾಗಿ ಹಂತಗಳು ಏಳರಿಂದ ಐದಕ್ಕೆ ಇಳಿದಿರುವುದರಿಂದ, ಕರಾರಿಗೆ ಸಹಿ ಬೀಳುವ ಮುನ್ನ ಅಲ್ಲಿನ ಲೆಕ್ಕಪರಿಶೋಧಕರಿಂದ ಕರಡನ್ನು ಪರಿಶೀಲಿಸಿಕೊಳ್ಳತಕ್ಕದ್ದು.

ಹೊರಡುವ ದಿನಾಂಕಕ್ಕೂ ಬೆಲೆಯುಂಟು. ಭಾರತದ ತೆರಿಗೆ ವರ್ಷ ಏಪ್ರಿಲಿನಿಂದ ಆರಂಭ. ಉದ್ಯೋಗಕ್ಕಾಗಿ ಹೊರದೇಶಕ್ಕೆ ತೆರಳುವವನು ಆ ವರ್ಷದಲ್ಲಿ 182 ದಿನ ಇಲ್ಲಿದ್ದರೆ ಇಲ್ಲಿಯೂ ನಿವಾಸಿಯಾಗುತ್ತಾನೆ. ಸೆಪ್ಟೆಂಬರ್ ಮೂರನೆಯ ವಾರದೊಳಗೆ ಹೊರಟು ಮತ್ತೆ ಬಾರದಿದ್ದವನಿಗೆ ಆ ತೊಡಕಿಲ್ಲ. ಅಕ್ಟೋಬರಿನಲ್ಲಿ ಹೊರಟವನು ಎರಡೂ ಕಡೆ ವಿವರಣೆ ಸಲ್ಲಿಸಿ, ಉಭಯ ದೇಶಗಳ ನಡುವಿನ ದ್ವಿತೆರಿಗೆ ನಿವಾರಣಾ ಒಪ್ಪಂದದಡಿ ಪರಿಹಾರ ಕೋರಬೇಕಾಗುತ್ತದೆ.