ಗುರಿನೆರವು

ಕೈಫೋನಿನ ಬಂದೂಕಿನ ಆಟಗಳನ್ನು ಹಿರಿಯರು ಒಂದೇ ಮಾತಿನಲ್ಲಿ ಜರೆದುಬಿಡುವುದುಂಟು. ಆದರೆ ಅವುಗಳಲ್ಲಿಯೂ ವಿಚಾರಯೋಗ್ಯವಾದ ಸಂಗತಿಯೊಂದಿದೆ. ಅದನ್ನು ‘ಏಮ್ ಅಸಿಸ್ಟ್’ ಎನ್ನುವರು. ನಾವು ಗುರಿನೆರವು ಎನ್ನೋಣ. ಇದರ ನೆರವಿನಿಂದ ತಗುಲಿದ ಗುಂಡು ಆಟಗಾರನದೋ ಯಂತ್ರದ್ದೋ ಎಂಬುದು ನಮ್ಮ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ.

ಮೌಸನ್ನು ಹಿಡಿದವನಿಗೆ ಮೇಜಿನ ಅಗಲವೆಲ್ಲ ಇದೆ; ತೋಳೇ ಚಲಿಸುವುದು. ಗಾಜಿನ ಮೇಲೆ ಆಡುವ ಹೆಬ್ಬೆರಳಿಗಾದರೋ ಎರಡು ಅಂಗುಲಗಳಷ್ಟೇ ಎಡೆ. ಅಲ್ಲಿ ಕೂದಲೆಳೆಯಷ್ಟು ನಡುಗಿದರೂ ಗುರಿ ಮಾರುದೂರ ತಪ್ಪುವುದು. ಈ ಕೊರತೆಯನ್ನು ಗುರಿನೆರವು ತುಂಬುತ್ತದೆ. 2001ರಲ್ಲಿ ಎಕ್ಸ್‌ಬಾಕ್ಸ್ ಯಂತ್ರಕ್ಕಾಗಿ ಬಂದ ‘ಹೇಲೋ’ ಆಟದಲ್ಲಿಯೇ ಇದನ್ನು ಬಳಸಿದ್ದರು. ಗುರಿಚಿಹ್ನೆಯು ಎದುರಾಳಿಯ ಸಮೀಪಕ್ಕೆ ಬಂದೊಡನೆ ಅದರ ತಿರುಗುವ ವೇಗವು ತಗ್ಗುತ್ತದೆ. ಕೆಲವು ಆಟಗಳಲ್ಲಿ ಎದುರಾಳಿ ಸರಿದತ್ತ ತುಸು ವಾಲುತ್ತದೆ ಕೂಡ. ತಾನೇ ಗುರಿಯಿಟ್ಟು ಹೊಡೆಯುವ ಕಳ್ಳ ತಂತ್ರಾಂಶವು ಬೇರೆ. ಅದನ್ನು ಬಳಸಿದವರನ್ನು ಆಟದಿಂದ ಹೊರಹಾಕುವರು.

ನೆರವನ್ನು ಚಾಲೂ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯದು. ಬೆರಳಿನ ಚಲನೆಗೆ ನೋಟ ಎಷ್ಟು ತಿರುಗಬೇಕೆಂಬ ಸಂವೇದನೆಯ ಅಂಕವನ್ನೂ ಹೊಂದಿಸಬೇಕು. ನೆಗಮದ ನಮ್ಮ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಹಾಸು ಬಿಗಿದರೆ ನೂಲು ಹರಿಯುವುದು, ಸಡಿಲಿದರೆ ಬಟ್ಟೆ ಜೋಲುವುದು. ಅಂತೆಯೇ ಸಂವೇದನೆ ಹೆಚ್ಚಾದರೆ ಚಿಹ್ನೆಯು ನೆರವಿನ ಸೀಮೆಯನ್ನು ಒಂದೇ ನೆಗೆತಕ್ಕೆ ದಾಟಿಬಿಡುವುದು. ಕಡಿಮೆಯಾದರೆ ಬೆನ್ನ ಹಿಂದಿನವನತ್ತ ತಿರುಗುವಷ್ಟರಲ್ಲಿ ಆಟ ಮುಗಿದಿರುವುದು. ‘ಬಿಜಿಎಂಐ’ಯಲ್ಲಿ 2, 3, 4, 6, 8 ಪಟ್ಟಿನ ದುರ್ಬೀನುಗಳಿಗೆ ಬೇರೆಬೇರೆ ಅಂಕಗಳಿವೆ. ದೂರದ್ದನ್ನು ಹಿಗ್ಗಿಸಿದಷ್ಟೂ ಕೈನಡುಕವೂ ಹಿಗ್ಗುವುದರಿಂದ ಅಂಕವನ್ನು ಇಳಿಸುತ್ತ ಹೋಗಬೇಕು.

ಅಭ್ಯಾಸದ ಬಯಲಿನಲ್ಲಿ ಒಂದೇ ಬಂದೂಕು, ಒಂದೇ ದೂರ. ಹತ್ತು ಸಲ ಹೊಡೆದು ಫಲವನ್ನು ಪುಸ್ತಕದಲ್ಲಿ ಬರೆಯಿರಿ. ಒಂದು ಸಲಕ್ಕೆ ಒಂದೇ ಅಂಕವನ್ನು ಬದಲಿಸಿರಿ. (ನಮ್ಮ ಹುಡುಗರು ಪ್ರಸಿದ್ಧರ ಅಂಕಗಳನ್ನೆಲ್ಲ ಒಟ್ಟಿಗೆ ನಕಲು ಮಾಡುವರು; ಆ ಪ್ರಸಿದ್ಧನ ಹೆಬ್ಬೆರಳನ್ನು ನಕಲು ಮಾಡಲಾದೀತೆ?) ಬಳಿಕ ನೆರವನ್ನು ಆರಿಸಿ ಮತ್ತೆ ಹತ್ತು ಸಲ ಹೊಡೆಯಿರಿ. ನೆರವಿದ್ದಾಗ ಎಂಟು, ಇಲ್ಲದಾಗ ಮೂರು ತಗುಲಿದರೆ, ನಡುವಣ ಐದು ಯಂತ್ರದ ಪಾಲು. ಕೇಳಿದ ಪ್ರಶ್ನೆಗೆ ಉತ್ತರ ಅವರ ಪುಸ್ತಕದಲ್ಲಿಯೇ ದೊರೆಯುವುದು. ಎದುರಾಳಿಗಳಿಬ್ಬರು ಒತ್ತಾಗಿ ನಿಂತಾಗ ನೆರವು ಬೇಡದವನತ್ತ ಎಳೆಯುವುದೂ ಉಂಟು. ಪಳಗಿದವರಲ್ಲಿ ಕೆಲವರು ಅದನ್ನು ಆರಿಸಿಯೇ ಆಡುವರು.

ನ್ಯಾಯದ ಪ್ರಶ್ನೆ ಏಳುವುದು ಉಪಕರಣಗಳು ಬೆರೆತಾಗ. ‘ವ್ಯಾಲೊರಂಟ್’ ಆಟವು 2024ರಲ್ಲಿ ಕನ್ಸೋಲುಗಳಿಗೆ ಬಂದಾಗ ಅಲ್ಲಿಯವರಿಗೆ ನೆರವು ಕೊಟ್ಟು, ಕಂಪ್ಯೂಟರಿನವರೊಡನೆ ಪಂದ್ಯವನ್ನೇ ಬೆರೆಸಲಿಲ್ಲ. ‘ಅಪೆಕ್ಸ್ ಲೆಜೆಂಡ್ಸ್’ನವರು ಬೆರೆಸಿದರು, ತಕರಾರು ಬೆಳೆದು, ಅದೇ ವರ್ಷ ಕಂಪ್ಯೂಟರಿನ ಕೂಟಗಳಲ್ಲಿ ನೆರವನ್ನು ಶೇಕಡ 25ರಷ್ಟು ಇಳಿಸಿದರು. ಕೊಯಮತ್ತೂರು, ತಿರುಪ್ಪೂರುಗಳಲ್ಲಿ ಪಂದ್ಯ ನಡೆಸಬಯಸುವ ತರುಣರು ಯಾವ ಉಪಕರಣ, ನೆರವುಂಟೋ ಇಲ್ಲವೋ ಎಂಬುದನ್ನು ಹೆಸರು ಬರೆಸಿಕೊಳ್ಳುವ ಮೊದಲೇ ಫಲಕದಲ್ಲಿ ಬರೆದು ತೂಗುಹಾಕಲಿ.